ಅಜ್ಜಿಯ ದೇವರ ಪೆಟ್ಟಿಗೆಯಲ್ಲಿ ಸಿಕ್ಕ ಎರಡು ನಾಣ್ಯ

ಪ್ರಶ್ನೆ (ಹಾಸನ): ಸರ್, ನಮಸ್ಕಾರ. ಅಜ್ಜಿ ತೀರಿಕೊಂಡ ಮೇಲೆ ಅವರ ದೇವರ ಪೆಟ್ಟಿಗೆ ತೆಗೆದಾಗ ಎರಡು ನಾಣ್ಯ ಸಿಕ್ಕವು. ಒಂದು ಬೆಳ್ಳಿ ಬಣ್ಣದ್ದು, ದೊಡ್ಡದು. ರಾಮ, ಸೀತೆ ಪಟ್ಟಕ್ಕೆ ಕೂತಿದ್ದಾರೆ, ಮುಖ ಸವೆದಿದೆ. ನಾಗರಿ ಅಂಕಿಯಲ್ಲಿ 1740 ಅಂತಿದೆ. ಇನ್ನೊಂದು ಬಂಗಾರದ್ದು, ಕಿರುಬೆರಳಿನ ಉಗುರಿನಷ್ಟು. ಇಬ್ಬರು ದೇವರು ಅಕ್ಕಪಕ್ಕ ಕೂತ ಹಾಗಿದೆ. ಪೇಟೆಯಲ್ಲಿ ಒಬ್ಬರು ದೊಡ್ಡದಕ್ಕೆ ಲಕ್ಷಗಟ್ಟಲೆ ಬೆಲೆ ಅಂದರು, ಬಂಗಾರದ್ದನ್ನು ಸುಮ್ನೆ ತೂಕಕ್ಕೆ ಕೇಳಿದರು. ನನಗೆ ಮಾರೋ ಮನಸ್ಸಿಲ್ಲ. ದೇವರು, ದೇವಸ್ಥಾನ ಇರೋ ನಾಣ್ಯ ಕೂಡಿಸೋಣ ಅನ್ನಿಸಿದೆ.

ಉತ್ತರ: ಕೊಡದೇ ಬಂದಿದ್ದು ಒಳ್ಳೆಯದಾಯಿತು. ಅವರು ಹೇಳಿದ್ದು ಪೂರ್ತಿ ತಲೆಕೆಳಗು.

ದೊಡ್ಡದು ರಾಮಟಂಕ. ಚಲಾವಣೆಗೆ ಹೊರಡಿಸಿದ ಹಣ ಅಲ್ಲ, ಪೂಜೆಗೆಂದೇ ಮಾಡಿದ ಬಿಲ್ಲೆ. ಅದರ ಮೇಲಿನ ಅಂಕಿ ನಂಬಬೇಡಿ. 1740 ಇರುವ ಟಂಕಗಳು ಬೇಕಾದಷ್ಟಿವೆ, ಜಾಸ್ತಿ ಪಾಲು ಆಮೇಲೆ ಮಾಡಿದವು. 1818 ಅಂತ ಬರೆದು ಹನುಮಂತನ ಚಿತ್ರ ಹಾಕಿದ 'ಕಂಪನಿ ಆಣೆ'ಯೂ ಹಾಗೇ. ಈಸ್ಟ್ ಇಂಡಿಯಾ ಕಂಪನಿ ಅಂಥ ಆಣೆ ಹೊರಡಿಸಲೇ ಇಲ್ಲ. ಆದರೆ ರಾಮನ ಮುಖ ಸವೆದಿರೋದು ವರ್ಷಗಟ್ಟಲೆ ಕುಂಕುಮ ಹಚ್ಚಿ ಒರೆಸಿದ್ದಕ್ಕೆ ಇರಬೇಕು. ಆ ಟಂಕವನ್ನು ದೇವರ ಮನೆಯಲ್ಲೇ ಇಟ್ಟುಕೊಳ್ಳಿ.

ಬಂಗಾರದ್ದರ ಹಿಂಬದಿ ನೋಡಿದಿರಾ? ಮುಂದೆ ದೇವರು, ಹಿಂದೆ ದೊರೆಯ ಹೆಸರು. ತ್ರಿಶೂಲ ಕಂಡರೆ ಅದು ಶಿವ ಪಾರ್ವತಿ. ಈ ಜೋಡಿ ವಿಜಯನಗರದ ಎರಡನೇ ಹರಿಹರನ ನಾಣ್ಯದಲ್ಲಿದೆ, ಇಕ್ಕೇರಿ ನಾಯಕರ ವರಹದಲ್ಲಿದೆ (ವರಹ ಅಂದರೆ ಬಂಗಾರದ ನಾಣ್ಯ), ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲೂ ಇದೆ. ನಾನೂರು ವರ್ಷ ದೇವರು ಅವರೇ, ಹಿಂದಿನ ಹೆಸರು ಮಾತ್ರ ಬದಲಾಯಿತು.

ಪ್ರಶ್ನೆ: ಹಿಂದೆ ಬರೀ ಚುಕ್ಕಿ ಸರ್. ಮಧ್ಯೆ ಕುಡುಗೋಲಿನ ಥರ ಒಂದು ಗುರುತು. ತೂಕ 3.4 ಗ್ರಾಂ ಬಂತು.

ಉತ್ತರ: ಹಾಗಾದರೆ ಹೈದರ್ ಅಲಿಯ ವರಹ ಇರಬೇಕು! ಆ ಕುಡುಗೋಲು ಪಾರಸಿಯ 'ಹೆ', ಅವನ ಹೆಸರಿನ ಮೊದಲ ಅಕ್ಷರ. 1763ರಲ್ಲಿ ಇಕ್ಕೇರಿ ನಾಯಕರ ರಾಜಧಾನಿ ಬಿದನೂರು ಗೆದ್ದ ಮೇಲೂ ಇಕ್ಕೇರಿ ವರಹದ ಶಿವ ಪಾರ್ವತಿಯನ್ನು ಅವನು ತೆಗೆಯಲಿಲ್ಲ. ಜನ ನೆಚ್ಚಿದ ವರಹ ಅದು ಅಲ್ವಾ. ಅಸಲಿಯೋ ಅಂತ ಕೈಯಲ್ಲಿ ಹಿಡಿದೇ ಹೇಳಬೇಕು. ಒಂದು ಮಾತು: ಹಬ್ಬಕ್ಕೆ ದೇವರ ಪಾತ್ರೆ ಬೆಳಗುವಾಗ ಇದನ್ನೂ ಹುಣಸೆಹಣ್ಣು ಹಾಕಿ ಉಜ್ಜಬೇಡಿ. ತೆಳುವಾದ ಗೆರೆಗಳು ಹೋದರೆ ಮತ್ತೆ ಬರಲ್ಲ.

ಪ್ರಶ್ನೆ (ಬೇಲೂರು): ಹೊಯ್ಸಳರ ನಾಣ್ಯದಲ್ಲಿ ನಮ್ಮ ಚೆನ್ನಕೇಶವ ಗುಡಿ ಇದೆಯಾ ಸರ್?

ಉತ್ತರ: ಇಲ್ಲ. ವಿಷ್ಣುವರ್ಧನ 1116ರಲ್ಲಿ ತಲಕಾಡು ಗೆದ್ದ, 1117ರಲ್ಲಿ ನಿಮ್ಮೂರಿನ ದೇವರ ಪ್ರತಿಷ್ಠೆ ಆಯಿತು. ಆದರೆ ಅವನ ಬಂಗಾರದ ನಾಣ್ಯದ ಮುಂದೆ ಸಿಂಹ, ಹಿಂದೆ ಕನ್ನಡದಲ್ಲಿ 'ಶ್ರೀ ತಳಕಾಡುಗೊಂಡ'. ನನಗಂತೂ ಆ ಕನ್ನಡ ಅಕ್ಷರ ನೋಡಿದರೇ ಹೊಟ್ಟೆ ತುಂಬುತ್ತದೆ.

ಗುಡಿಯೇ ಇರುವ ನಾಣ್ಯ ಬೇಕಂದರೆ ತುಂಬಾ ಹಿಂದೆ ಹೋಗಬೇಕು. ಪಂಜಾಬಿನ ಕಡೆಯ ಔದುಂಬರರು ಅನ್ನೋ ಜನರ ನಾಣ್ಯದಲ್ಲಿ ಕಂಬದ ಗುಡಿ, ಪಕ್ಕದಲ್ಲಿ ತ್ರಿಶೂಲ ಇದೆ. ಎರಡು ಸಾವಿರ ವರ್ಷ ಹಳೆಯದು. ರೋಮನ್ನರ ನಾಣ್ಯಗಳಲ್ಲಿ ಗುಡಿಗಳು ಇನ್ನೂ ಜಾಸ್ತಿ. ಅಲ್ಲಿ ಅಚ್ಚು ಕೆತ್ತುವವರು ಎಷ್ಟೋ ಸಲ ಕಂಬ ಕಡಿಮೆ ಮಾಡಿ, ನಡುವಿನ ಕಂಬಗಳನ್ನು ಪಕ್ಕಕ್ಕೆ ಸರಿಸಿಬಿಡುತ್ತಿದ್ದರು, ಒಳಗಿನ ಮೂರ್ತಿ ಕಾಣಲಿ ಅಂತ. ನಮ್ಮಲ್ಲಿ ತೋರಣವೇ ಸಾಕಾಯಿತು. ವಿಜಯನಗರದ ವೆಂಕಟೇಶ್ವರ ವರಹ ನೋಡಿ: ಕಮಾನಿನ ಕೆಳಗೆ ದೇವರು ನಿಂತಿದ್ದಾನೆ, ಗೋಡೆ ಇಲ್ಲ, ಗೋಪುರ ಇಲ್ಲ. ಆದರೂ ಗರ್ಭಗುಡಿ ಬಾಗಿಲಲ್ಲಿ ನಿಂತ ಹಾಗೇ ಅನ್ನಿಸುತ್ತದೆ.

ಪ್ರಶ್ನೆ (ಮೂಡಿಗೆರೆ): ತೋಟದಲ್ಲಿ ಗುಂಡಿ ತೆಗೆಯುವಾಗ ಸಿಕ್ಕರೆ ನಾವೇ ಇಟ್ಟುಕೊಳ್ಳಬಹುದಾ?

ಉತ್ತರ: ಬೇಡ. ಮಣ್ಣಲ್ಲಿ ಸಿಕ್ಕಿದ್ದು ನಿಧಿ ಕಾಯ್ದೆಗೆ ಬರುತ್ತದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು. ತೊಳೆಯಬೇಡಿ, ಹಂಚಿಕೊಳ್ಳಬೇಡಿ. ಮಡಕೆ ಚೂರಿದ್ದರೆ ಅದನ್ನೂ ಎತ್ತಿಡಿ.