ಉಸ್ಮಾನ್ ಸಾಗರ, ಹಿಮಾಯತ್ ಸಾಗರ: ತುಂಬಿಸಿಟ್ಟ ಅಣೆಕಟ್ಟು ಪ್ರವಾಹ ತಡೆಯುತ್ತಾ?

ಪ್ರಶ್ನೆ – ಮೂಸಿ ದಂಡೆ
1908ರ ಸೆಪ್ಟೆಂಬರ್ 28ರ ಮೂಸಿ ನದಿಯ ಪ್ರವಾಹದ ನಂತರ ವಿಶ್ವೇಶ್ವರಯ್ಯನವರ ಸಲಹೆಯಂತೆ ಹೈದರಾಬಾದಿನ ಮೇಲ್ಭಾಗದಲ್ಲಿ ಕಟ್ಟಿದ್ದು ಇವೆರಡು: ಮೂಸಿಗೆ ಉಸ್ಮಾನ್ ಸಾಗರ (1920), ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ (1927). ಈಗ ಕುಡಿಯೋ ನೀರಿಗೆಂದು ತುಂಬಿಸಿಡ್ತಾರೆ, ಮಳೆ ಜೋರಾದ್ರೆ ಗೇಟ್ ಎತ್ತುತ್ತಾರೆ. ಪ್ರವಾಹ ತಡೆದ ಹಾಗೆ ಹೇಗಾಯ್ತು? ಇಷ್ಟು ಹಳೇ ಕಟ್ಟಡ ಗಟ್ಟಿಯಿದೆಯಾ ಅಂತ ಏನು ನೋಡಿ ಹೇಳ್ತಾರೆ?

ಉತ್ತರ – ತೂಬು
ಪ್ರವಾಹ ತಡೆಯೋದು ನೀರಲ್ಲ, ಖಾಲಿ ಜಾಗ. ಒಂದು ಟಿಎಂಸಿ (ನೂರು ಕೋಟಿ ಘನ ಅಡಿ) ಖಾಲಿ ಇದ್ದರೆ, ಒಳಹರಿವು ಹೊರಹರಿವಿಗಿಂತ 20,000 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಹೆಚ್ಚಿದ್ದಾಗ ಸುಮಾರು 14 ಗಂಟೆ ಹಿಡಿದಿಡಬಹುದು. ತುಂಬಿದ್ದರೆ ಬಂದಷ್ಟೂ ಬಿಡಲೇಬೇಕು. ಉಸ್ಮಾನ್ ಸಾಗರದ ಸಾಮರ್ಥ್ಯವೇ 3.9 ಟಿಎಂಸಿ (ತುಂಬಿದಾಗಿನ ಮಟ್ಟ ಸಮುದ್ರಮಟ್ಟದಿಂದ 1790 ಅಡಿ), ಹಿಮಾಯತ್ ಸಾಗರದ್ದು 2.97 (1763.5 ಅಡಿ). 1908ರ ಗರಿಷ್ಠ ಹರಿವು 4.25 ಲಕ್ಷ ಕ್ಯೂಸೆಕ್ ಅಂತ ಅಂದಾಜು. ಆ ವೇಗಕ್ಕೆ ಒಂದು ಟಿಎಂಸಿ 40 ನಿಮಿಷದಲ್ಲಿ ತುಂಬುತ್ತೆ. ಹಾಗಾಗಿ ಅಂಥ ಪ್ರವಾಹವನ್ನ ಇವು ಪೂರ್ತಿ ನುಂಗಲಾರವು, ಏಟು ತಗ್ಗಿಸಬಹುದು ಅಷ್ಟೇ.

ಇನ್ನೊಂದು ಪೇಚು: ಮಳೆಗಾಲ ಮುಗೀತಾ ಬಂತು, ತುಂಬಿಸಿಕೊಳ್ಳೋಣ ಅನ್ನೋ ಹೊತ್ತಿಗೇ ಇಲ್ಲಿ ದೊಡ್ಡ ನೀರು ಬಂದಿರೋದು. 1908ರದ್ದು ಸೆಪ್ಟೆಂಬರ್ ಕೊನೆ, 2020ರದ್ದು ಅಕ್ಟೋಬರ್ ಮಧ್ಯ. ನಗರಕ್ಕೆ ಕೃಷ್ಣಾ, ಗೋದಾವರಿ ನೀರು ಬರ್ತಿರುವಾಗ ಅಕ್ಟೋಬರ್ ಮುಗಿಯೋವರೆಗೂ ಕೆಲವು ಅಡಿ ಖಾಲಿ ಇಡೋದೇ ಸರಿ ಅಂತ ನನ್ನ ಅಭಿಪ್ರಾಯ.

ಉತ್ತರ – ಕಲ್ಲುಗಾರೆ
ವಯಸ್ಸೊಂದೇ ಅಳತೆಯಲ್ಲ. ಕಲ್ಲುಕಟ್ಟಡದಲ್ಲಿ ಮೊದಲು ನೋಡೋದು ಸೋರಿಕೆ: ವಿ-ನಾಚ್‌ನಲ್ಲಿ (ಹರಿವು ಅಳೆಯೋ V ಆಕಾರದ ಕಚ್ಚಿನ ತಗಡು) ಅಳೆದು, ಹಿಂದಿನ ವರ್ಷಗಳಲ್ಲಿ *ಅದೇ ನೀರಿನ ಮಟ್ಟ* ಇದ್ದಾಗಿನ ಲೆಕ್ಕಕ್ಕೆ ಹೋಲಿಸಬೇಕು. ಗೋಡೆಯ ಮೇಲೆ ಬಿಳಿ ಪದರ ಕಟ್ಟಿದ್ದರೆ ಗಾರೆಯ ಸುಣ್ಣ ಕರಗಿ ಬರ್ತಿದೆ ಅಂತ. ಅದೇ ಸುಣ್ಣ, ಸೋರಿದ ನೀರನ್ನ ಹೊರಬಿಡೋ ಅಡಿಪಾಯದ ಡ್ರೈನ್ ರಂಧ್ರಗಳಲ್ಲಿ ಗಟ್ಟಿಯಾದ್ರೆ ಕೆಳಗಿನಿಂದ ಮೇಲೊತ್ತುವ ನೀರಿನ ಒತ್ತಡ ಏರುತ್ತೆ. ತನ್ನ ಭಾರದಿಂದಲೇ ನಿಂತ ಕಟ್ಟಡಕ್ಕೆ ಅದು ಅಪಾಯ. ಸೋರಿಕೆ ಕಮ್ಮಿಯಾಯ್ತು ಅಂತ ಖುಷಿಪಡೋ ಮೊದಲು ರಂಧ್ರ ಮುಚ್ಚಿದೆಯಾ ನೋಡಿ. ಮಣ್ಣಿನ ಏರಿಯಲ್ಲಾದ್ರೆ ತಿಳಿನೀರಿಗಿಂತ ಕೆಂಪು ನೀರಿಗೆ ಹೆದರಬೇಕು. ಒಳಗಿನ ಮಣ್ಣು ಕೊಚ್ಚಿ ಬರ್ತಿರುತ್ತೆ.

ಮತ್ತೆ ಗೇಟು. ತುಂಗಭದ್ರಾದಲ್ಲಿ 2024ರ ಆಗಸ್ಟ್ 10ರ ರಾತ್ರಿ ಹೋಗಿದ್ದು ಕಟ್ಟಡವಲ್ಲ, 19ನೇ ಗೇಟಿನ ಚೈನು. ತುಂಬಿದ ಡ್ಯಾಮಲ್ಲಿ ಸ್ಟಾಪ್‌ಲಾಗ್ (ಗೇಟಿನ ಜಾಗದಲ್ಲಿ ಇಳಿಸೋ ತಾತ್ಕಾಲಿಕ ತಡೆ) ಇಳಿಸೋಕೆ ವಾರ ಹಿಡೀತು. ಚೈನು, ಪಿನ್ನು, ರಬ್ಬರ್ ಸೀಲು, ಜನರೇಟರ್ ಎಲ್ಲವನ್ನೂ ಮೇ ತಿಂಗಳಲ್ಲೇ, ಗೇಟನ್ನ ನಿಜವಾಗಿ ಎತ್ತಿ ಪರೀಕ್ಷಿಸಬೇಕು. ಬಣ್ಣ ಬಳಿದರೆ ಸಾಲದು.

ಮೂಸಿ ದಂಡೆ
ಈ ಅಣೆಕಟ್ಟುಗಳಿಗಿಂತ ಮೇಲ್ಭಾಗದಲ್ಲಿರೋ ಕೆರೆಗಳು ಒಡೆದರೆ?

ತೂಬು
1908ರಲ್ಲಿ ಆಗಿದ್ದೂ ಅದೇ. ಜಲಾನಯನದ 788 ಕೆರೆಗಳಲ್ಲಿ 221 ಒಡೆದವು ಅಂತ ವಿಶ್ವೇಶ್ವರಯ್ಯನವರೇ ದಾಖಲಿಸಿದ್ದಾರೆ. ಒಂದು ಒಡೆದರೆ ಅದರ ನೀರು ಕೆಳಗಿನದ್ದನ್ನೂ ಒಡೆಯುತ್ತೆ. ಆದ್ದರಿಂದ ಒಳಹರಿವನ್ನ ಬರೀ ಮಳೆ ಲೆಕ್ಕದಿಂದ ಅಂದಾಜು ಮಾಡಬಾರದು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಪ್ರಕಾರ ದೊಡ್ಡ ಅಣೆಕಟ್ಟುಗಳಿಗೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತಪಾಸಣೆ ಕಡ್ಡಾಯ, ತುರ್ತು ಕ್ರಿಯಾ ಯೋಜನೆಯೂ ಬೇಕು. ಆರ್‌ಟಿಐ ಹಾಕೋದಾದ್ರೆ ತಪಾಸಣಾ ವರದಿ, ತುರ್ತು ಯೋಜನೆ ಇವೆರಡರ ಜೊತೆ ಗೇಟ್ ತೆರೆಯೋ ವೇಳಾಪಟ್ಟಿಯನ್ನೂ ಕೇಳಿ.