ಸಹಾಯ ಬೇಕು: ಎರಡು ಕುದುರೆ ನೋಡಿದೀವಿ, ಯಾವುದು ತಗೊಳ್ಳೋದು?

ಎಲ್ರಿಗೂ ನಮಸ್ಕಾರ, ಕುದುರೆ ಸಾಕಿರೋರು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ ಪ್ಲೀಸ್. ಹತ್ರದಲ್ಲೇ ಎರಡು ಮಾರಾಟಕ್ಕಿವೆ, ಒಂದು ರೇಸಿಂದ ರಿಟೈರ್ ಆದ ಥರೋಬ್ರೆಡ್ (ರೇಸ್ ಕುದುರೆ ತಳಿ), ಇನ್ನೊಂದು ಮಾರ್ವಾಡಿ ತಳಿಯ ಹೆಣ್ಣು ಅಂತಾರೆ. ಈ ಹೆಣ್ಣಿನ ಕಿವಿ ತುದಿ ಒಳಗಡೆ ಬಾಗಿ ಒಂದಕ್ಕೊಂದು ತಾಗೋ ಹಾಗಿದೆ, ಆದ್ರೆ ಕಾಠಿಯಾವಾಡಿ ತಳಿಗೂ ಹಂಗೇ ಇರುತ್ತಲ್ವಾ, ಕಾಗದ ಪತ್ರ ಏನೂ ಇಲ್ದೆ ಬರೀ ಕಿವಿ ನೋಡಿ ತಳಿ ನಂಬೋದು ಹೇಗೆ? ವಯಸ್ಸು ಆರು ಅಂದ್ರು. ಬಾಯಿ ಬಿಡಿಸಿ ನೋಡಿದ್ರೆ ಮೇಲಿನ ಮೂಲೆಯ ಬಾಚಿ ಹಲ್ಲಲ್ಲಿ ಒಸಡಿನ ಹತ್ರ ಸಣ್ಣ ಕಂದು ಗೆರೆ ಕಾಣ್ತಿದೆ, ಅದು ಹತ್ತರ ಸುಮಾರಿಗೆ ತಾನೆ ಶುರುವಾಗೋದು?

ಥರೋಬ್ರೆಡ್‌ದು ಬೇರೆ ಕಥೆ. ನಡೆಸಿದ್ರೆ ಚೆನ್ನಾಗೇ ನಡೆಯುತ್ತೆ, ಗಟ್ಟಿ ನೆಲದ ಮೇಲೆ ಟ್ರಾಟ್‌ನಲ್ಲಿ (ನಿಧಾನ ಓಟದಲ್ಲಿ) ಓಡಿಸಿದ್ರೆ ಎಡ ಮುಂಗಾಲು ಊರಿದಾಗೆಲ್ಲ ತಲೆ ಮೇಲಕ್ಕೆತ್ತುತ್ತೆ, ಅಂದ್ರೆ ಆ ಕಾಲು ನೋಯ್ತಿದೆ ಅಂತ ಅಲ್ವಾ. ಮಾರೋರು ಮಾತ್ರ ಲಾಳ ಬದಲಾಯಿಸಿದ್ರೆ ಸರಿಹೋಗುತ್ತೆ ಅಂತಿದಾರೆ, ನಂಗ್ಯಾಕೋ ನಂಬಿಕೆ ಬರ್ತಿಲ್ಲ. ಸ್ವಭಾವ ಮಾತ್ರ ಬಂಗಾರ, ಗೊರಸು ಎತ್ತಿದ್ರೂ ಸುಮ್ನೆ ನಿಲ್ಲುತ್ತೆ.

ಅವರ ಡಾಕ್ಟರ್ ಬೇಡ, ನಮ್ಮ ಕಡೆಯಿಂದಲೇ ಒಬ್ರು ವೆಟ್ ಕರ್ಕೊಂಡು ಹೋಗೋಣ ಅಂತಿದೀನಿ. ಗ್ಲ್ಯಾಂಡರ್ಸ್ (ಕುದುರೆಗಳಿಗೆ ಬರೋ ಅಂಟುರೋಗ) ಟೆಸ್ಟ್ ಮಾಡಿಸ್ತೀವಿ, ಜೊತೆಗೆ ನೋವಿನ ಔಷಧಿ ಕೊಟ್ಟು ಕುಂಟು ಮುಚ್ಚಿದಾರಾ ಅಂತ ರಕ್ತದಲ್ಲಿ ಗೊತ್ತಾಗುತ್ತಂತೆ, ಅದನ್ನ ಮಾಡಿಸಿರೋರು ಇದೀರಾ? ಎಕ್ಸ್‌ರೇ ಗೊರಸಿಗೆ ಮಾತ್ರ ಸಾಕಾ, ಇಲ್ಲ ಮಂಡಿಗೂ ಬೇಕಾ? ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ, ಅವ್ರು ಅರ್ಜೆಂಟ್ ಮಾಡ್ತಿದಾರೆ, ಬೇಗ ಹೇಳಿ.