ಶಾಂಪೂ ಮಾಡಿಸಿದ ವಾರಕ್ಕೇ ಕಾರ್ಪೆಟ್ ಮತ್ತೆ ಕಪ್ಪಾಗುತ್ತಿದೆ, ಯಾಕೆ?

ಪ್ರಶ್ನೆ:
ಆಫೀಸ್ ಕಟ್ಟಡದ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಕಾರಿಡಾರ್ ಪೂರ್ತಿ ನೈಲಾನ್ ಕಾರ್ಪೆಟ್ ಇದೆ. ಶಾಂಪೂ ಮಾಡಿಸಿದ ದಿನ ಚೆನ್ನಾಗಿರುತ್ತದೆ, ವಾರ ಕಳೆಯುವಷ್ಟರಲ್ಲಿ ಲಿಫ್ಟ್ ಮುಂದೆ ಮತ್ತೆ ಕಪ್ಪು. ಹಳೇ ಕಾಫಿ ಕಲೆಗಳೂ ಅದೇ ಜಾಗದಲ್ಲಿ ಎದ್ದು ಬರುತ್ತಿವೆ. ಈ ಸಲ ಶಾಂಪೂ ಜಾಸ್ತಿ ಹಾಕುತ್ತೇವೆ ಅಂತಾರೆ ಕ್ಲೀನಿಂಗ್‌ನವರು. ಒಪ್ಪಬಹುದಾ?

ಉತ್ತರ 1:
ಬೇಡವೇ ಬೇಡ. ತೊಂದರೆ ಇರುವುದೇ ಆ ಶಾಂಪೂವಿನಲ್ಲಿ ಅನ್ನಿಸುತ್ತದೆ. ನೊರೆ ಪೂರ್ತಿ ತೆಗೆಯದಿದ್ದರೆ ಎಳೆಗಳು ಅಂಟಂಟಾಗುತ್ತವೆ, ಆಮೇಲೆ ಶೂ ಧೂಳೆಲ್ಲ ಅಲ್ಲೇ ಹಿಡಿಯುತ್ತದೆ. ಕಪ್ಪಾದ ಜಾಗಕ್ಕೆ ಬರೀ ಬಿಸಿನೀರು ಚಿಮುಕಿಸಿ ಬ್ರಷ್‌ನಿಂದ ಉಜ್ಜಿ ನೋಡಿ. ನೊರೆ ಬಂತಾ? ಹಾಗಾದರೆ ಶಾಂಪೂ ಮುಟ್ಟಬೇಡಿ, ಎಕ್ಸ್‌ಟ್ರಾಕ್ಷನ್ ಮೆಷಿನ್‌ನಲ್ಲಿ (ನೀರು ಚಿಮ್ಮಿಸಿ ಕೊಳೆ ಸಮೇತ ವಾಪಸ್ ಹೀರುವ ಮೆಷಿನ್) ಸಾದಾ ಬಿಸಿನೀರು ಬಿಟ್ಟು ಎಳೆಸಿ.

ಉತ್ತರ 2:
ಕಾಫಿ ಕಲೆಯ ಕಥೆ ಬೇರೆ. ಕಾಫಿ ಕಾರ್ಪೆಟ್ ಅಡಿಯ ಪದರದವರೆಗೂ (ಬ್ಯಾಕಿಂಗ್) ಇಳಿದಿರುತ್ತದೆ. ತೊಳೆದ ನೀರು ಅಲ್ಲಿಗೂ ಹೋಗುತ್ತದೆ, ಒಣಗುವಾಗ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಎಳೆಗಳು ಆ ನೀರನ್ನೂ ಕಲೆಯನ್ನೂ ಮೇಲಕ್ಕೆ ಎಳೆದುಕೊಳ್ಳುತ್ತವೆ. ಅದಕ್ಕೇ ನೀರು ಕಮ್ಮಿ ಬಿಡಿಸಿ, ಆಮೇಲೆ ನೀರು ಬಿಡದೆ ಮೆಷಿನ್‌ನಿಂದ ಬರೀ ಹೀರಿಸುವುದನ್ನು 2-3 ಸಲ ಮಾಡಿಸಿ, ಕಲೆಯ ಮೇಲೆ ಬಿಳಿ ಟವೆಲ್ ಮಡಚಿ ಹಾಸಿ ಭಾರ ಇಟ್ಟು ರಾತ್ರಿ ಬಿಡಿ, ಬರುವ ಕಲೆ ಟವೆಲ್‌ಗೆ ಬರಲಿ. ಫ್ಯಾನ್ ಹಾಕಿ 24 ಗಂಟೆಯೊಳಗೆ ಒಣಗಿಸಲೇಬೇಕು, ಇಲ್ಲದಿದ್ದರೆ ಬೂಷ್ಟು, ವಾಸನೆ.

ಉತ್ತರ 3:
ಎಲ್ಲರೂ ತೊಳೆಯುವುದನ್ನೇ ಹೇಳುತ್ತಿದ್ದೀರಿ. ಕಾರ್ಪೆಟ್‌ನಲ್ಲಿರುವ ಕೊಳೆಯಲ್ಲಿ ಹೆಚ್ಚಿನದು ಒಣ ಧೂಳು, ಮರಳು. ಅದು ವ್ಯಾಕ್ಯೂಮ್‌ಗೇ ಹೋಗಬೇಕು. ಲಿಫ್ಟ್ ಮುಂದೆ ದಿನಾ ನಿಧಾನವಾಗಿ ಹಿಂದೆ ಮುಂದೆ ಎಳೆಯಲಿ, ಸುಮ್ನೆ ಒಂದು ಸಲ ಓಡಿಸಿದರೆ ಆಗಲ್ಲ. ಬಾಗಿಲಲ್ಲಿ ಉದ್ದದ ಮ್ಯಾಟ್ ಇದೆಯಾ? 4-5 ಹೆಜ್ಜೆಯಾದರೂ ಅದರ ಮೇಲೆ ಬೀಳಬೇಕು. ಇನ್ನೊಂದು, ಮರಳು ಎಳೆಗಳನ್ನು ಗೀರಿಬಿಟ್ಟಿದ್ದರೆ ಬೆಳಕು ಸರಿಯಾಗಿ ಹೊಳೆಯದೆ ಕಪ್ಪಾಗಿ ಕಾಣುತ್ತದೆ. ಅದು ಕೊಳೆ ಅಲ್ಲ, ಸವೆತ. ಯಾವ ಶಾಂಪೂಗೂ ಹೋಗಲ್ಲ.

ಪ್ರಶ್ನೆ ಕೇಳಿದವರು:
ಬಿಸಿನೀರು ಹಾಕಿ ನೋಡಿದೆ, ಸೋಪಿನ ಹಾಗೆ ನೊರೆ ಬಂತು! ಸಾದಾ ನೀರಿನಲ್ಲೇ ಎಳೆಸುತ್ತೇನೆ. ನಮ್ಮದು ಚೌಕ ಚೌಕ ಕಾರ್ಪೆಟ್ ಟೈಲ್ಸ್. ಸವೆದದ್ದನ್ನು ಮಾತ್ರ ಬದಲಾಯಿಸಬಹುದು ಅಲ್ವಾ?

ಉತ್ತರ 3:
ಬದಲಾಯಿಸಬಹುದು, ಆದರೆ ಕಾರಿಡಾರ್ ಮಧ್ಯೆ ಹೊಸದನ್ನು ಹಾಕಿದರೆ ತೇಪೆ ಹಾಕಿದ ಹಾಗೆ ಎದ್ದು ಕಾಣುತ್ತದೆ. ಬೀರು ಪಕ್ಕದಂಥ ಜನ ಓಡಾಡದ ಜಾಗದ ಟೈಲ್ ಕಿತ್ತು ಇಲ್ಲಿಗೆ ಹಾಕಿ, ಹೊಸದು ಅಲ್ಲಿಗೆ ಹೋಗಲಿ. ಟೈಲ್ ಹಿಂಭಾಗದ ಬಾಣದ ಗುರುತು ನೋಡಿಕೊಂಡು ಕೂರಿಸಿ, ದಿಕ್ಕು ತಪ್ಪಿದರೆ ಬಣ್ಣವೇ ಬೇರೆ ಕಾಣುತ್ತದೆ.